ಬೆಟ್ಟ ಇಳಿದ ಎರಡನೇ ದಿನ ತೊಡೆ ಯಾಕೆ ಹಿಡ್ಕೊಳ್ಳುತ್ತೆ?

ಪ್ರಶ್ನೆ: ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದೆ. ಅವತ್ತು ಏನೂ ಆಗಲಿಲ್ಲ. ಮಂಗಳವಾರ ಕೂತರೆ ಏಳೋಕಾಗ್ತಿಲ್ಲ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಅಂತಾರೆ ಜಿಮ್ಮಿನವರು. ನಿಜವಾ?

ಉತ್ತರ: ಪಾಪ, ಲ್ಯಾಕ್ಟಿಕ್ ಆಸಿಡ್ ಮೇಲೆ ಈ ಆರೋಪ ಬಹಳ ಹಳೆಯದು. ಏದುಸಿರು ಬರುವ ಹಾಗೆ ಓಡಿದರೆ ರಕ್ತದಲ್ಲಿ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯೊಳಗೆ ಇರುವ ರೂಪ) ಏರುವುದು ನಿಜ. ಆದರೆ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಅದು ಮಾಮೂಲಿ ಮಟ್ಟಕ್ಕೆ ಬಂದುಬಿಡುತ್ತದೆ. ಹೃದಯವೂ ಸೇರಿ ಹಲವು ಸ್ನಾಯುಗಳು ಅದನ್ನೇ ಇಂಧನವಾಗಿ ಸುಡುತ್ತವೆ. ಭಾನುವಾರವೇ ಖಾಲಿಯಾದದ್ದು ಮಂಗಳವಾರ ನೋಯಿಸುವುದು ಹೇಗೆ?

1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನೇ ನೋಡಿತು. ಟ್ರೆಡ್‌ಮಿಲ್ ಮೇಲೆ 45 ನಿಮಿಷ ಓಟ, ಒಂದು ಸಲ ಸಮತಟ್ಟಾಗಿ, ಇನ್ನೊಂದು ಸಲ ಇಳಿಜಾರಿನಲ್ಲಿ. ಸಮತಟ್ಟಾಗಿ ಓಡಿದಾಗ ಲ್ಯಾಕ್ಟೇಟ್ ಏರಿತು, ಆಮೇಲೆ ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ಕಾಲು ಮಾತ್ರ ಚೆನ್ನಾಗಿ ಹಿಡಿದುಕೊಂಡಿತು!

ಅಂದರೆ ನಿಮ್ಮ ತೊಡೆ ನೋಯುತ್ತಿರುವುದು ಹತ್ತಿದ್ದಕ್ಕಿಂತ ಜಾಸ್ತಿ ಇಳಿದದ್ದಕ್ಕೆ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿ ಮಡಚುತ್ತದೆ. ಮೈ ಭಾರ ಧೊಪ್ಪನೆ ಬೀಳದಂತೆ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಉಸಿರು ಕಟ್ಟುವುದಿಲ್ಲ, ಹಾಗಾಗಿ ಸುಲಭ ಅನಿಸುತ್ತದೆ. ಒಳಗೆ ಮಾತ್ರ ಸಾರ್ಕೊಮಿಯರ್ ಎಂಬ ಪುಟಾಣಿ ಘಟಕಗಳು ಅಲ್ಲಲ್ಲಿ ಅತಿಯಾಗಿ ಎಳೆದುಹೋಗಿ ಕೆಡುತ್ತವೆ. ರಿಪೇರಿಗೆ ರಕ್ತಕಣಗಳು ಬರುತ್ತವೆ, ಉರಿಯೂತ ಶುರುವಾಗುತ್ತದೆ, ನೋವಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಹೊತ್ತು ಹಿಡಿಯುವುದರಿಂದ ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಸ್ನಾಯುವಿನೊಳಗೇ ಸಣ್ಣ ಹರುಕು ಆಗಿರಬೇಕು ಅಂತ ಅಮೆರಿಕದ ಶರೀರವಿಜ್ಞಾನಿ ಥಿಯೋಡರ್ ಹಫ್ 1902ರಲ್ಲೇ ಬರೆದಿದ್ದರು. ಆದರೂ ಆಸಿಡ್ ಕಥೆ ಹೋಗಿಲ್ಲ ನೋಡಿ.

ಈಗೇನು ಮಾಡೋದು? ಹೆಚ್ಚೇನಿಲ್ಲ. ನಿಧಾನವಾಗಿ ಓಡಾಡಿ, ಸ್ವಲ್ಪ ಹೊತ್ತು ಹಗುರ ಅನಿಸುತ್ತದೆ. ಸ್ಟ್ರೆಚಿಂಗ್‌ನಿಂದ ಹೇಳಿಕೊಳ್ಳುವಂಥ ಲಾಭ ಅಧ್ಯಯನಗಳಲ್ಲಿ ಕಂಡಿಲ್ಲ. ಸುಮ್ನೆ ನೋವಿನ ಮಾತ್ರೆ ನುಂಗಬೇಡಿ, ನಾಲ್ಕೈದು ದಿನದಲ್ಲಿ ತಾನಾಗಿ ಹೋಗುತ್ತದೆ. ಇನ್ನೊಂದೆರಡು ವಾರ ಬಿಟ್ಟು ಮತ್ತೆ ಹೋಗಿ ಬನ್ನಿ. ಅದೇ ಮೆಟ್ಟಿಲು, ನೋವು ಮಾತ್ರ ಕಡಿಮೆ ಇರುತ್ತದೆ. ಒಂದೇ ಒಂದು ಸಲ ಇಳಿದರೂ ಸ್ನಾಯು ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ.

ಆದರೆ ಕಾಲು ಊದಿ, ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಇದು ಮಾಮೂಲಿ ನೋವಲ್ಲ, ಕಿಡ್ನಿಗೆ ಅಪಾಯ. ಅವತ್ತೇ ಡಾಕ್ಟರ ಹತ್ತಿರ ಹೋಗಿ.