ಒಂದು ಗೇಜ್ ಫೀಲ್ಡ್ ಸಾಲದಾದಾಗ

ಹೊಲೊಗ್ರಫಿ ಅಂದರೆ ಇಲ್ಲಿ, ಬಲವಾಗಿ ಎಳೆದಾಡುವ ಕಣಗಳ ಲೆಕ್ಕವನ್ನು ಗುರುತ್ವದ ಲೆಕ್ಕವಾಗಿ ಬದಲಿಸಿ ಬಿಡಿಸುವ ವಿಧಾನ. ಅದರ ಬಗ್ಗೆ ಎಲ್ಲಿ ಮಾತಾಡಿದರೂ, ಲೋಹ, ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಅಂತ ಪ್ರಯೋಗ ಮಾಡುವವರ ಕಡೆಯಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ನಿಮ್ಮ ಗುರುತ್ವದ ಸಮೀಕರಣದಲ್ಲಿ ಎರಡು ಮೂರು ಗೇಜ್ ಫೀಲ್ಡ್, ಅದರ ಮೇಲೆ ನಾಲ್ಕು ಸ್ಕೇಲರ್. ಇಷ್ಟೆಲ್ಲ ಯಾಕೆ? ಬೇಕಾದ ಉತ್ತರ ಬರೋವರೆಗೂ ಸುಮ್ನೆ ಸೇರಿಸ್ತಾ ಹೋಗ್ತೀರಾ?’ ಗೇಜ್ ಫೀಲ್ಡ್ ಅಂದರೆ ವಿದ್ಯುತ್ಕಾಂತ ಕ್ಷೇತ್ರದ ಜಾತಿಯದ್ದು, ಸ್ಕೇಲರ್ ಅಂದರೆ ಪ್ರತಿ ಬಿಂದುವಿನಲ್ಲೂ ದಿಕ್ಕಿಲ್ಲದ ಒಂದು ಸಂಖ್ಯೆಯಷ್ಟೇ ಇರುವ ಕ್ಷೇತ್ರ. ಪ್ರಶ್ನೆಯಲ್ಲಿ ಕುಟುಕು ಇದೆ. ನ್ಯಾಯವೂ ಇದೆ. ಕೆಲವು ಪ್ರಬಂಧಗಳು ನಿಜಕ್ಕೂ ಹಾಗೇ ಬರೆದಂತಿರುತ್ತವೆ. ಆದರೆ ಹೆಚ್ಚಿನ ಫೀಲ್ಡ್‌ಗಳಿಗೆ ಗಟ್ಟಿಯಾದ ಕಾರಣ ಇರುವ ಕಡೆಗಳೂ ಇವೆ. ಎರಡನ್ನೂ ಬೇರೆ ಮಾಡುವುದು ಹೇಗೆ ಅನ್ನುವುದೇ ಈ ಸಲದ ವಿಷಯ.

ಹಿನ್ನೆಲೆ ಚುಟುಕಾಗಿ. 1997ರ ಕೊನೆಗೆ ಹುವಾನ್ ಮಾಲ್ಡಸೇನಾ ಒಂದು ವಿಚಿತ್ರ ಮಾತು ಮುಂದಿಟ್ಟರು. ಆಂಟಿ-ಡಿ ಸಿಟ್ಟರ್ ಎಂಬ ಬಾಗಿದ ಜಗತ್ತಿನ ಒಳಗೆ ನಡೆಯುವ ಗುರುತ್ವ, ಮತ್ತು ಅದರ ಅಂಚಿನಲ್ಲಿ ಒಂದು ಆಯಾಮ ಕಡಿಮೆ ಇಟ್ಟುಕೊಂಡು ಗುರುತ್ವವೇ ಇಲ್ಲದೆ ನಡೆಯುವ ಕ್ವಾಂಟಮ್ ಸಿದ್ಧಾಂತ, ಇವೆರಡೂ ಒಂದೇ. ಮರುವರ್ಷ ಗಬ್ಸರ್, ಕ್ಲೆಬಾನೋವ್, ಪೊಲ್ಯಾಕೋವ್ ಒಂದು ಕಡೆ, ವಿಟನ್ ಇನ್ನೊಂದು ಕಡೆ, ಇದನ್ನು ಲೆಕ್ಕ ಹಾಕುವ ನಿಯಮ ಬರೆದರು. ಅಂಚಿನ ಕಣಗಳು ಒಂದನ್ನೊಂದು ಬಿಡದಂತೆ ಬಲವಾಗಿ ಎಳೆದಾಡುತ್ತಿದ್ದಾಗ ಮಾಮೂಲಿ ಲೆಕ್ಕ ಕೈಕೊಡುತ್ತದೆ. ಅಂಥ ಹೊತ್ತಿನಲ್ಲೇ ಒಳಗಿನ ಗುರುತ್ವ ಸರಳವಾಗಿರುತ್ತದೆ. ಅಂಚಿನಲ್ಲಿ ಬಿಸಿ ದ್ರವ ಬೇಕಾ? ಒಳಗೊಂದು ಕಪ್ಪುಕುಳಿ ಇಡಿ. ಕಪ್ಪುಕುಳಿಗೂ ಒಂದು ತಾಪ ಇರುತ್ತದೆ, ಹಾಕಿಂಗ್ ತಾಪ ಅಂತ. ಅದೇ ಈ ದ್ರವದ ತಾಪ.

ಗೇಜ್ ಫೀಲ್ಡ್ ಬರುವುದು ಇಲ್ಲಿಂದ. ಅಂಚಿನಲ್ಲಿ ಹೆಚ್ಚೂ ಆಗದ, ಕಡಿಮೆಯೂ ಆಗದ ಪ್ರತಿ ಮೊತ್ತಕ್ಕೂ ಒಳಗೆ ಒಂದು ಗೇಜ್ ಫೀಲ್ಡ್ ಇರಲೇಬೇಕು. ವಿದ್ಯುದಂಶ ಹಾಗೆ ಉಳಿಯುತ್ತದೆ, ಅದಕ್ಕೊಂದು. ಇನ್ನೊಂದು ಮೊತ್ತ ಬೇರೆಯಾಗಿ ಉಳಿದರೆ ಅದಕ್ಕೆ ಇನ್ನೊಂದು. ಬ್ಯಾಂಕಿನಲ್ಲಿ ಬೇರೆ ಬೇರೆ ಖಾತೆ ಇದ್ದ ಹಾಗೆ. ಖಾತೆ ಎಷ್ಟು ಅನ್ನುವುದನ್ನು ದ್ರವ್ಯ ಹೇಳಬೇಕು, ನಾವಲ್ಲ. ಸ್ಕೇಲರ್‌ಗಳ ಕಥೆ ಸ್ವಲ್ಪ ಬೇರೆ. ಅವು ಅಂಚಿನ ಯಾವುದೋ ಒಂದು ಆಪರೇಟರನ್ನು, ಅಂದರೆ ಅಲ್ಲಿ ಅಳೆಯಬಹುದಾದ ಒಂದು ರಾಶಿಯನ್ನು, ಪ್ರತಿನಿಧಿಸುತ್ತವೆ. ಜೊತೆಗೆ ಗೇಜ್ ಫೀಲ್ಡ್ ಎಲ್ಲಿ ಎಷ್ಟು ಬಲವಾಗಿ ಕೆಲಸ ಮಾಡಬೇಕು ಅನ್ನುವುದನ್ನೂ ತಿದ್ದುತ್ತಿರುತ್ತವೆ.

ಗ್ರಾಫೀನ್ ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ. ಮಾಮೂಲಿ ಲೋಹದಲ್ಲಿ ಉಷ್ಣವನ್ನೂ ವಿದ್ಯುತ್ತನ್ನೂ ಹೊರುವವು ಅದೇ ಎಲೆಕ್ಟ್ರಾನ್‌ಗಳು. ಹಾಗಾಗಿ ಉಷ್ಣವಾಹಕತೆಯನ್ನು ವಿದ್ಯುತ್‌ವಾಹಕತೆ ಮತ್ತು ತಾಪದ ಗುಣಲಬ್ಧದಿಂದ ಭಾಗಿಸಿದರೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಸಿಗುತ್ತದೆ. ಇದು ವೀಡೆಮಾನ್-ಫ್ರಾನ್ಜ್ ನಿಯಮ. 2016ರಲ್ಲಿ ಹಾರ್ವರ್ಡ್‌ನ ತಂಡವೊಂದು ತುಂಬ ಶುದ್ಧವಾದ ಗ್ರಾಫೀನ್ ತೆಗೆದುಕೊಂಡು, ನಿವ್ವಳ ವಿದ್ಯುದಂಶ ಸೊನ್ನೆಯಾಗುವ ಡಿರಾಕ್ ಬಿಂದುವಿನ ಹತ್ತಿರ ಅಳೆದಾಗ, ಈ ಸಂಖ್ಯೆ ಲೋಹದ್ದಕ್ಕಿಂತ 20 ಪಟ್ಟಿಗೂ ಜಾಸ್ತಿ ಬಂತು. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಜಪಾನಿನ ಸಂಶೋಧಕರ ಜೊತೆ ಸೇರಿ ಇನ್ನೂ ಶುದ್ಧವಾದ ಮಾದರಿಗಳಲ್ಲಿ ಅಳೆದು, ಕಡಿಮೆ ತಾಪದಲ್ಲಿ 200 ಪಟ್ಟಿಗೂ ಮೀರಿದ ವ್ಯತ್ಯಾಸ ತೋರಿಸಿತು.

ಯಾಕೆ ಹೀಗೆ? ಡಿರಾಕ್ ಬಿಂದುವಿನಲ್ಲಿ ಎಲೆಕ್ಟ್ರಾನ್ ಎಷ್ಟಿವೆಯೋ ಹೋಲ್‌ಗಳೂ (ಎಲೆಕ್ಟ್ರಾನ್ ಇರಬೇಕಾದ ಕಡೆ ಇಲ್ಲದ ಖಾಲಿ ಜಾಗ, ಧನ ಕಣದಂತೆ ವರ್ತಿಸುತ್ತದೆ) ಅಷ್ಟೇ. ಒಂದು ತುದಿಯನ್ನು ಬಿಸಿ ಮಾಡಿದರೆ ಎರಡೂ ಒಂದೇ ದಿಕ್ಕಿಗೆ ಹರಿಯುತ್ತವೆ. ಉಷ್ಣ ಹೋಗುತ್ತದೆ, ಆದರೆ ಋಣ-ಧನ ವಜಾ ಆಗಿ ವಿದ್ಯುತ್ತು ಹರಿಯುವುದಿಲ್ಲ. ಬ್ಯಾಟರಿ ಕೊಟ್ಟರೆ ಎರಡೂ ಎದುರು ಬದುರು ಓಡಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಗುರುತ್ವದ ಕಡೆ ಇದು ಎಷ್ಟು ಅಚ್ಚುಕಟ್ಟಾಗಿ ಬರುತ್ತದೆ ನೋಡಿ. ಒಂದು ಗೇಜ್ ಫೀಲ್ಡ್ ಇಡಿ. ಜೊತೆಗೆ ಎರಡು ಸ್ಕೇಲರ್ ಇಡಿ, ಜಾಗದ ಎರಡು ದಿಕ್ಕಿಗೂ ಒಂದೊಂದು, ನೇರ ಗೆರೆಯಲ್ಲಿ ಬೆಳೆಯುತ್ತಾ ಹೋಗುವಂಥವು. ಈ ಸ್ಕೇಲರ್‌ಗಳ ಕೆಲಸ ಒಂದೇ: ಹರಿವಿನ ವೇಗವನ್ನು ನಿಧಾನಕ್ಕೆ ತಿನ್ನುವುದು. ನಿಜವಾದ ಹಾಳೆಯಲ್ಲಿ ಕಲ್ಮಶಗಳು ಮಾಡುವುದೂ ಇದನ್ನೇ. ಆಂದ್ರಾದೆ ಮತ್ತು ವಿದರ್ಸ್ 2013ರಲ್ಲಿ ಕೊಟ್ಟ ಉಪಾಯ ಇದು. ಇಲ್ಲದಿದ್ದರೆ, ವಿದ್ಯುದಂಶ ತುಂಬಿದ ದ್ರವದ ವಾಹಕತೆ ಅನಂತವಾಗಿಬಿಡುತ್ತದೆ. ಆ ಸ್ಕೇಲರ್‌ಗಳ ಇಳಿಜಾರನ್ನು ‘ಕೆ’ ಎನ್ನೋಣ. ಕಪ್ಪುಕುಳಿಯ ಕ್ಷಿತಿಜದ (ದಾಟಿದರೆ ವಾಪಸ್ ಬರಲಾಗದ ಗಡಿಯ) ಮೇಲಿನ ಬೆಲೆಗಳಿಂದಲೇ ವಾಹಕತೆಗಳನ್ನು ಓದಿಕೊಳ್ಳಬಹುದು ಎಂದು ಡೋನೋಸ್ ಮತ್ತು ಗಾಂಟ್ಲೆಟ್ 2014ರಲ್ಲಿ ತೋರಿಸಿದರು. ಅದರಂತೆ ಡಿರಾಕ್ ಬಿಂದುವಿನಲ್ಲಿ ವಿದ್ಯುತ್‌ವಾಹಕತೆ ಗೇಜ್ ಫೀಲ್ಡ್‌ನ ಬಲದ ಅಂಕಿ ಅಷ್ಟೇ, ಅದರಲ್ಲಿ ಕೆ ಇಲ್ಲವೇ ಇಲ್ಲ. ಉಷ್ಣವಾಹಕತೆಯಲ್ಲಿ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಮತ್ತು ತಾಪ ಮೇಲಿರುತ್ತವೆ, ಕೆ ವರ್ಗ ಕೆಳಗಿರುತ್ತದೆ. ಹಾಳೆ ಶುದ್ಧವಾದಷ್ಟೂ ಕೆ ಚಿಕ್ಕದಾಗುತ್ತದೆ. ಉಷ್ಣ ಎಗ್ಗಿಲ್ಲದೆ ಹರಿಯುತ್ತದೆ, ವಿದ್ಯುತ್ತು ಇದ್ದಲ್ಲೇ ಇರುತ್ತದೆ.

ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಮುಗಿಯಲಿಲ್ಲ. ಡಿರಾಕ್ ಬಿಂದುವಿನಿಂದ ಸ್ವಲ್ಪ ಆಚೆ ಸರಿದು ವಿದ್ಯುದಂಶ ಸೇರಿಸುತ್ತಾ ಹೋದರೆ ವಿದ್ಯುತ್‌ವಾಹಕತೆ ಏರುತ್ತದೆ, ಉಷ್ಣವಾಹಕತೆ ಇಳಿಯುತ್ತದೆ. ಒಂದೇ ಗೇಜ್ ಫೀಲ್ಡ್ ಇರುವ ಮಾದರಿಯಲ್ಲಿ ಎರಡೂ ಸೂತ್ರಗಳನ್ನು ಅಕ್ಕಪಕ್ಕ ಬರೆದು ಗುಣಿಸಿ ನೋಡಿ. ವಿದ್ಯುದಂಶ ಪೂರ್ತಿ ಹೊಡೆದುಹೋಗುತ್ತದೆ! ಅಂದರೆ, ಎಂಟ್ರೊಪಿ ಹೆಚ್ಚು ಬದಲಾಗದ ತನಕ, ಒಂದು ಎಷ್ಟು ಪಟ್ಟು ಏರುತ್ತದೋ ಇನ್ನೊಂದು ಸರಿಯಾಗಿ ಅಷ್ಟೇ ಪಟ್ಟು ಇಳಿಯಬೇಕು. ಕಾಗದದ ಮೇಲೆ ಅರ್ಧ ಪುಟದ ಲೆಕ್ಕ ಇದು. ನನ್ನ ವಿದ್ಯಾರ್ಥಿಗಳಿಂದ ಇದನ್ನು ಕೈಯಲ್ಲೇ ಮಾಡಿಸುತ್ತೇನೆ. ಮಾದರಿ ಎಲ್ಲಿ ಬಿಗಿಯಾಗಿದೆ ಅನ್ನುವುದು ಕಂಪ್ಯೂಟರಿನ ಚಿತ್ರದಲ್ಲಿ ಕಾಣುವುದಿಲ್ಲ, ಇಂಥ ಗುಣಾಕಾರದಲ್ಲಿ ಕಾಣುತ್ತದೆ.

ವಿದ್ಯುತ್ತಿನ ಅಳತೆಯ ಗೆರೆ, ಉಷ್ಣದ ಅಳತೆಯ ಗೆರೆ, ಎರಡಕ್ಕೂ ಈ ಬಿಗಿ ಒಟ್ಟಿಗೆ ಒಗ್ಗಲಿಲ್ಲ. ಆಗ ದಕ್ಷಿಣ ಕೊರಿಯಾದ ಸಂಶೋಧಕರು ಹಾರ್ವರ್ಡ್‌ನ ಸುಬೀರ್ ಸಚ್‌ದೇವ್ ಜೊತೆ ಸೇರಿ ಎರಡನೇ ಗೇಜ್ ಫೀಲ್ಡ್ ತಂದರು. ಅವರ ಪ್ರಬಂಧ ಪ್ರಕಟವಾದದ್ದು 2017ರಲ್ಲಿ. ಅದಕ್ಕೆ ಅವರು ಕೊಟ್ಟ ಕಾರಣ ಮುಖ್ಯ. ಗ್ರಾಫೀನಿನಲ್ಲಿ ಶಕ್ತಿ ಮತ್ತು ಸಂವೇಗದ ಸಂಬಂಧ ನೇರ ಗೆರೆ. ಹಾಗಾಗಿ ಒಂದು ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಹೊಸ ಎಲೆಕ್ಟ್ರಾನ್-ಹೋಲ್ ಜೋಡಿ ಹುಟ್ಟಿಸುವುದು, ಅಥವಾ ಇದ್ದ ಜೋಡಿ ಅಳಿಯುವುದು ಕಷ್ಟ. ಎಲೆಕ್ಟ್ರಾನ್‌ಗಳ ಲೆಕ್ಕ ಬೇರೆ, ಹೋಲ್‌ಗಳ ಲೆಕ್ಕ ಬೇರೆ, ಎರಡೂ ಸಾಕಷ್ಟು ಹೊತ್ತು ಉಳಿಯುತ್ತವೆ. ಎರಡು ಖಾತೆ, ಎರಡು ಗೇಜ್ ಫೀಲ್ಡ್. ಎರಡನೆಯದು ಬಂದ ಕೂಡಲೇ ಉಷ್ಣವನ್ನು ತಗ್ಗಿಸುವ ಪದಕ್ಕೆ ಇನ್ನೊಂದು ತುಣುಕು ಸೇರುತ್ತದೆ. ವಿದ್ಯುತ್ತು ಅಷ್ಟಾಗಿ ಏರದೆಯೂ ಉಷ್ಣ ಬೇಗ ಇಳಿಯಬಹುದು. ಗೆರೆಗಳು ಕೂತವು.

ಒಂದು ತಕರಾರು ಉಳಿಯುತ್ತದೆ. ಎರಡನೇ ಖಾತೆಯ ಸಾಂದ್ರತೆ ಮೊದಲನೆಯದಕ್ಕೆ ಅನುಪಾತದಲ್ಲಿರುತ್ತದೆ ಎಂದು ಅವರು ಇಟ್ಟುಕೊಂಡರು. ಆ ಅನುಪಾತ ಎಷ್ಟು ಅನ್ನುವುದು ಅಳತೆಗೆ ಹೊಂದಿಸಿದ ಸಂಖ್ಯೆ. ನನಗೆ ಇದು ಒಪ್ಪಿಕೊಳ್ಳಬಹುದಾದ ಸಾಲ. ಫೀಲ್ಡ್ ಬಂದದ್ದಕ್ಕೆ ಗ್ರಾಫೀನಿನ ಒಳಗೇ ಕಾರಣ ಇದೆ, ಆ ಕಾರಣವನ್ನು ಬೇರೆ ಪ್ರಯೋಗದಿಂದ ಸುಳ್ಳು ಮಾಡಲೂ ಸಾಧ್ಯ.

ನಾವೇ ಆರಿಸದೆ, ಸಿದ್ಧಾಂತವೇ ಫೀಲ್ಡ್‌ಗಳನ್ನು ಕೈಗಿಡುವ ದಾರಿಯೂ ಉಂಟು. ಸ್ಟ್ರಿಂಗ್ ಸಿದ್ಧಾಂತದ ಹತ್ತು ಆಯಾಮಗಳಲ್ಲಿ ಐದನ್ನು ಗೋಳವಾಗಿ ಮಡಚಿದರೆ ಉಳಿಯುವುದು ಐದು ಆಯಾಮದ ಗುರುತ್ವ. ಆ ಗೋಳವನ್ನು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಮತಲಗಳಲ್ಲಿ ತಿರುಗಿಸಬಹುದು. ಹಾಗಾಗಿ ಮೂರು ಗೇಜ್ ಫೀಲ್ಡ್. ಜೊತೆಗೆ ಮೂರು ಸ್ಕೇಲರ್ ಬರುತ್ತವೆ, ಆದರೆ ಅವುಗಳ ಗುಣಲಬ್ಧ 1 ಆಗಿರಬೇಕು ಎಂಬ ಷರತ್ತಿದೆ, ಸ್ವತಂತ್ರವಾಗಿ ಉಳಿಯುವುದು ಎರಡೇ. ಹನ್ನೊಂದು ಆಯಾಮದಿಂದ ಏಳನ್ನು ಮಡಚಿದರೆ ನಾಲ್ಕು ಗೇಜ್ ಫೀಲ್ಡ್, ಮೂರು ಸ್ಕೇಲರ್. ಯಾವ ಸ್ಕೇಲರ್ ಯಾವ ಗೇಜ್ ಫೀಲ್ಡನ್ನು ಎಷ್ಟು ಹಿಡಿಯುತ್ತದೆ ಅನ್ನುವ ಅಂಕಿ ಕೂಡ ಗೋಳದಿಂದಲೇ ನಿರ್ಧಾರವಾಗುತ್ತದೆ. ಚ್ವೆಟಿಚ್ ಮತ್ತು ಜೊತೆಗಾರರು 1999ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿಟ್ಟರು. ತಿರುಗಿಸಲು ನಮ್ಮ ಕೈಗೆ ತಿರುಪು ಒಂದೂ ಉಳಿಯುವುದಿಲ್ಲ. ಪ್ರತಿ ಗೇಜ್ ಫೀಲ್ಡಿನ ಚಾರ್ಜ್ ಎಷ್ಟು, ತಾಪ ಎಷ್ಟು, ಅಷ್ಟೇ ನಮ್ಮ ಆಯ್ಕೆ.

ಆ ಆಯ್ಕೆಯೊಳಗೇ ಬೇಕಾದಷ್ಟು ಅಚ್ಚರಿ ಇದೆ. ಮೂರೂ ಚಾರ್ಜ್ ಸಮನಾಗಿಟ್ಟರೆ ಸ್ಕೇಲರ್‌ಗಳ ಮೇಲಿನ ಎಳೆತ ಒಂದಕ್ಕೊಂದು ವಜಾ ಆಗುತ್ತದೆ. ಸ್ಕೇಲರ್‌ಗಳು ಮಲಗುತ್ತವೆ, ಸಿಗುವುದು ಚಾರ್ಜ್ ಹೊತ್ತ, ಪಠ್ಯಪುಸ್ತಕದ ರೈಸ್ನರ್-ನಾರ್ಡ್‌ಸ್ಟ್ರೋಮ್ ಕಪ್ಪುಕುಳಿ. ಅದಕ್ಕೊಂದು ಕೆಟ್ಟ ಗುಣ: ತಾಪ ಸೊನ್ನೆಗಿಳಿದರೂ ಎಂಟ್ರೊಪಿ ಸೊನ್ನೆಯಾಗುವುದಿಲ್ಲ. ಯಾವ ಮಾಮೂಲಿ ಲೋಹವೂ ಹಾಗೆ ಮಾಡುವುದಿಲ್ಲ. ಈಗ ಎರಡು ಚಾರ್ಜ್ ಸಮನಾಗಿಟ್ಟು ಮೂರನೆಯದನ್ನು ತೆಗೆದುಬಿಡಿ. ಎಳೆತ ವಜಾ ಆಗುವುದಿಲ್ಲ, ಸ್ಕೇಲರ್ ಎದ್ದು ಕೂರುತ್ತದೆ. ತಾಪ ಇಳಿದಂತೆ ಅದು ಕ್ಷಿತಿಜದ ಹತ್ತಿರ ಬೆಳೆದು ಕ್ಷಿತಿಜವನ್ನೇ ಕುಗ್ಗಿಸುತ್ತದೆ. ಎಂಟ್ರೊಪಿ ತಾಪದ ಜೊತೆ ನೇರ ಅನುಪಾತದಲ್ಲಿ ಇಳಿಯುತ್ತದೆ, ಲೋಹದಲ್ಲಿ ಇಳಿಯುವ ಹಾಗೆಯೇ. 2009ರಲ್ಲಿ ಇದನ್ನು ತೋರಿಸಿದವರು ಗಬ್ಸರ್ ಮತ್ತು ರೋಚಾ. ನಾಲ್ಕು ಆಯಾಮದಲ್ಲಿ ನಾಲ್ಕರಲ್ಲಿ ಮೂರು ಚಾರ್ಜ್ ಸಮನಾಗಿಟ್ಟರೆ ಇದೇ ಗುಣ. 2013ರಲ್ಲಿ ಡೇವಿಸನ್, ಶಾಲ್ಮ್, ಜಾನನ್ ಇದನ್ನು ಹಿಡಿದು, ಇಂಥ ದ್ರವದಲ್ಲಿ ವಿದ್ಯುತ್ ರೋಧ ಎಂಟ್ರೊಪಿಯ ಜೊತೆಗೇ ಹೋಗುತ್ತದೆ, ಹಾಗಾಗಿ ತಾಪದ ಜೊತೆ ನೇರವಾಗಿ ಏರುತ್ತದೆ ಎಂದು ವಾದಿಸಿದರು. ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರುಗಳ ‘ವಿಚಿತ್ರ ಲೋಹ’ ಸ್ಥಿತಿಯಲ್ಲಿ ಕಾಣುವುದು ಅದೇ ನೇರ ಗೆರೆ. ತಾಮ್ರದ ಆಕ್ಸೈಡಿಗೂ ಮಡಚಿದ ಗೋಳಕ್ಕೂ ಏನು ಸಂಬಂಧ ಅಂತ ಕೇಳಿದರೆ, ನೇರ ಸಂಬಂಧ ಇಲ್ಲ. ಒಂದೇ ಬಗೆಯ ನಡವಳಿಕೆ ಅಷ್ಟೇ. ಅದಕ್ಕಿಂತ ಹೆಚ್ಚು ಹೇಳುವವರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಏನು ಸೇರಿಸಿದರೂ ಜಗ್ಗದ ಅಂಕಿಯೂ ಒಂದಿದೆ. ಸ್ನಿಗ್ಧತೆಯನ್ನು ಎಂಟ್ರೊಪಿ ಸಾಂದ್ರತೆಯಿಂದ ಭಾಗಿಸಿದರೆ ಸಿಗುವ 4π ಭಾಗದಲ್ಲಿ ಒಂದು. ಐನ್‌ಸ್ಟೈನ್ ಗುರುತ್ವ ಇದ್ದು, ಎಲ್ಲ ದಿಕ್ಕೂ ಜಾಗವೂ ಒಂದೇ ಥರ ಇರುವ ತನಕ, ಗೇಜ್ ಫೀಲ್ಡ್ ಹತ್ತಾಗಲಿ ಸ್ಕೇಲರ್ ಇಪ್ಪತ್ತಾಗಲಿ, ಇದು ಅಲ್ಲೇ ಇರುತ್ತದೆ. ಆದ್ದರಿಂದ ‘ನಮ್ಮ ಹೊಸ ಮಾದರಿಯಲ್ಲೂ ಇದು ಸರಿಯಾಗಿ ಬಂತು’ ಅನ್ನುವುದು ಮಾದರಿಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಬಾರದೇ ಹೋಗಿದ್ದರೆ ಮಾತ್ರ ಎಲ್ಲೋ ಲೆಕ್ಕ ತಪ್ಪಿದೆ ಎಂದು ಗೊತ್ತಾಗುತ್ತಿತ್ತು.

ಹೆಚ್ಚು ಫೀಲ್ಡ್ ಇಟ್ಟುಕೊಳ್ಳುವುದರ ನಿಜವಾದ ಉಪಯೋಗ ನನಗೆ ಕಂಡದ್ದು ಇನ್ನೊಂದು ಕಡೆ, ಸ್ಥಿರತೆಯ ಲೆಕ್ಕದಲ್ಲಿ. ನಾಲ್ಕು ಗೇಜ್ ಫೀಲ್ಡ್ ಇರುವ ಜಗತ್ತಿನಲ್ಲಿ ನಾಲ್ಕೂ ಚಾರ್ಜ್ ಸಮನಾಗಿರುವ ಕಪ್ಪುಕುಳಿ ಇಟ್ಟುಕೊಳ್ಳಿ. ಸ್ಕೇಲರ್‌ಗಳು ಸೊನ್ನೆ, ನಾಲ್ಕು ಫೀಲ್ಡೂ ಒಂದೇ, ಹಾಗಾದರೆ ಒಂದೇ ಫೀಲ್ಡ್ ಅಂತ ಬರೆದರಾಯಿತು ಅನ್ನಿಸುತ್ತದೆ. ಪರಿಹಾರ ಹುಡುಕಲು ಅದು ಸರಿ. ಆ ಒಂದೇ ಫೀಲ್ಡ್‌ನ ಲೆಕ್ಕದಲ್ಲಿ ದೊಡ್ಡ ಕಪ್ಪುಕುಳಿ ತಣ್ಣಗೆ, ಸ್ಥಿರವಾಗಿಯೇ ಇರುತ್ತದೆ. ಆದರೆ 2000ದಲ್ಲಿ ಗಬ್ಸರ್ ಮತ್ತು ಮಿತ್ರಾ ನಾಲ್ಕನ್ನೂ ಬೇರೆ ಬೇರೆಯಾಗಿ ಅಲುಗಾಡಿಸಿ ನೋಡಿದರು. ತಾಪ ಸಾಕಷ್ಟು ಇಳಿದಾಗ ಕಪ್ಪುಕುಳಿ ಅಸ್ಥಿರ. ಒಂದು ಜಾಗದಲ್ಲಿ ಮೊದಲೆರಡು ಬಗೆಯ ಚಾರ್ಜ್ ಹೆಚ್ಚಿ ಉಳಿದೆರಡು ಕಡಿಮೆಯಾಗುತ್ತವೆ, ಪಕ್ಕದ ಜಾಗದಲ್ಲಿ ಅದರ ಉಲ್ಟಾ. ಒಟ್ಟು ಚಾರ್ಜ್ ಎಲ್ಲೆಡೆ ಸಮ, ಶಕ್ತಿಯೂ ಸಮ. ಹೊರಗಿನಿಂದ ಏನೂ ನಡೆದಂತೆ ಕಾಣುವುದಿಲ್ಲ, ಎಂಟ್ರೊಪಿ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಸ್ಕೇಲರ್‌ಗಳು ಈ ಅಲುಗಾಟದ ಜೊತೆಗೇ ಏಳುತ್ತವೆ. ಒಂದೇ ಫೀಲ್ಡ್ ಬರೆದುಕೊಂಡು ಕೂತವರಿಗೆ ಇದು ಯಾವತ್ತೂ ಕಾಣುವುದಿಲ್ಲ.

ಈ ಗಬ್ಸರ್ ಎಲ್ಲ ತಿರುವಿನಲ್ಲೂ ಸಿಗುತ್ತಾರೆ ಎಂದು ಗಮನಿಸಿರಬಹುದು. 2019ರಲ್ಲಿ ಆಲ್ಪ್ಸ್‌ನಲ್ಲಿ ಬಂಡೆ ಹತ್ತುವಾಗ ನಡೆದ ಅವಘಡದಲ್ಲಿ ಅವರು ತೀರಿಕೊಂಡರು.

ಹಾಗಾಗಿ ಪರಿಶೀಲನೆಗೆ ಬರುವ ಪ್ರಬಂಧದಲ್ಲಿ ವಾಹಕತೆಯ ಚಿತ್ರಕ್ಕೆ ಹೋಗುವ ಮುಂಚೆ ಎರಡು ಜಾಗ ನೋಡುತ್ತೇನೆ. ಪ್ರತಿ ಗೇಜ್ ಫೀಲ್ಡ್‌ಗೂ ದ್ರವ್ಯದ ಕಡೆ ಹೆಸರಿದೆಯಾ? ಸ್ಥಿರತೆ ತೋರಿಸಲು, ಎಂಟ್ರೊಪಿಯನ್ನು ಪ್ರತಿ ಚಾರ್ಜಿಗೂ ಬೇರೆ ಬೇರೆಯಾಗಿ, ಎರಡೆರಡು ಸಲ ಡಿಫರೆನ್ಶಿಯೇಟ್ ಮಾಡಿದ ಕೋಷ್ಟಕ ಇದೆಯಾ? ಮೊದಲನೆಯದಕ್ಕೆ ಉತ್ತರ ಇಲ್ಲದಿದ್ದರೂ ಕೆಲವು ಸಲ ಬಿಟ್ಟುಕೊಡುತ್ತೇನೆ, ಗಣಿತಕ್ಕಾಗಿಯೇ ಮಾಡುವ ಒಳ್ಳೆಯ ಕೆಲಸವೂ ಇರುತ್ತದೆ. ಎರಡನೆಯದು ಇಲ್ಲದಿದ್ದರೆ ಪ್ರಬಂಧ ವಾಪಸ್ ಹೋಗುತ್ತದೆ.