ಪಿಚಿಂಗ್ ಕೋಚ್: ತಂಡದ ಗೆಲುವಿನಲ್ಲಿ ಅವರ ಪಾಲೆಷ್ಟು?

ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಆಟಗಾರರಾದ ಪಿಚರ್‌ಗಳ ತರಬೇತಿ, ಪಂದ್ಯದ ತಯಾರಿ ಮತ್ತು ತೋಳಿನ ಆರೋಗ್ಯ ಇವಿಷ್ಟರ ಹೊಣೆ ಹೊತ್ತವರನ್ನು ಪಿಚಿಂಗ್ ಕೋಚ್ ಎನ್ನುತ್ತಾರೆ. ಕ್ರಿಕೆಟ್ಟಿನ ಬೌಲಿಂಗ್ ಕೋಚ್ ಹುದ್ದೆಗೆ ಇದು ಹತ್ತಿರವಾದುದಾದರೂ ಇಲ್ಲಿನ ಭಾರ ಹೆಚ್ಚು. ಕ್ರಿಕೆಟ್ಟಿನಲ್ಲಿ ಓವರ್ ಮುಗಿದೊಡನೆ ಚೆಂಡು ಇನ್ನೊಬ್ಬರ ಕೈಸೇರುತ್ತದೆ. ಬೇಸ್‌ಬಾಲ್‌ನಲ್ಲಿ ಪಿಚರ್ ತಾನು ನಿಂತು ಎಸೆಯುವ ದಿಬ್ಬದ ಮೇಲಿರುವವರೆಗೆ ಪ್ರತಿಯೊಂದು ಎಸೆತವೂ ಅವರದೇ, ಮತ್ತು ಒಮ್ಮೆ ಆಟದಿಂದ ಹೊರಬಂದ ಮೇಲೆ ಆ ಪಂದ್ಯಕ್ಕೆ ಅವರು ಮರಳುವಂತಿಲ್ಲ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಪಂದ್ಯವನ್ನು ಆರಂಭಿಸುವ ಸ್ಟಾರ್ಟಿಂಗ್ ಪಿಚರ್‌ಗೆ ಸಾಮಾನ್ಯವಾಗಿ ಐದು ದಿನಗಳಿಗೊಮ್ಮೆ ಸರದಿ ಬರುತ್ತದೆ. ನಡುವಿನ ದಿನಗಳಲ್ಲಿ ಅವರು ಎಷ್ಟು ಎಸೆಯಬೇಕು, ಯಾವ ಎಸೆತವನ್ನು ತಿದ್ದಿಕೊಳ್ಳಬೇಕು, ಎದುರಾಳಿ ಬ್ಯಾಟರ್‌ಗಳಿಗೆ ಎಲ್ಲಿ ಎಸೆಯಬೇಕು ಎಂಬುದನ್ನು ಕೋಚ್, ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನೊಡನೆಯೂ ಕೂತು ನಿರ್ಧರಿಸುತ್ತಾರೆ. ಪಂದ್ಯದ ನಡುವೆ ದಿಬ್ಬಕ್ಕೆ ನಡೆದುಹೋಗಿ ಮಾತನಾಡುವ ಕೋಚ್ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತಾರಾದರೂ, ಅದು ಅವರ ಕೆಲಸದ ತೀರ ಸಣ್ಣ ಭಾಗ.

ಪಿಚಿಂಗ್ ಕೋಚ್‌ನ ಮಹತ್ವದ ಚರ್ಚೆ ಬಂದಾಗಲೆಲ್ಲ ಅಟ್ಲಾಂಟಾ ಬ್ರೇವ್ಸ್ ತಂಡದ ಲಿಯೋ ಮಜೋನಿ ಅವರ ಹೆಸರು ಮೊದಲು ಬರುತ್ತದೆ. 1990ರಲ್ಲಿ ಅವರು ಹುದ್ದೆಗೆ ಬಂದಾಗ ಬ್ರೇವ್ಸ್ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲಿತ್ತು. 1991ರಿಂದ 2005ರವರೆಗೆ, ಮುಷ್ಕರದಿಂದ ಅರ್ಧಕ್ಕೆ ನಿಂತ 1994ನ್ನು ಬಿಟ್ಟರೆ, ಪ್ರತಿ ವರ್ಷವೂ ವಿಭಾಗದ ಪ್ರಶಸ್ತಿಯನ್ನು ಅದೇ ಗೆದ್ದಿತು. ಎರಡು ಪಂದ್ಯಗಳ ನಡುವೆ ಪಿಚರ್‌ಗಳು ಒಮ್ಮೆಯಲ್ಲ, ಎರಡು ಬಾರಿ ಅಭ್ಯಾಸಕ್ಕೆ ಎಸೆಯಬೇಕು, ಆದರೆ ಪೂರ್ತಿ ಬಲ ಹಾಕಬಾರದು ಎಂಬುದು ಮಜೋನಿ ಅವರ ಪದ್ಧತಿ. ವೇಗಕ್ಕಿಂತ, ಬ್ಯಾಟರ್‌ನಿಂದ ದೂರಕ್ಕೆ ಕೆಳಮಟ್ಟದಲ್ಲಿ ಹೋಗುವ ಎಸೆತದ ನಿಖರತೆಗೆ ಅವರು ಒತ್ತು ಕೊಟ್ಟರು.

ಆದರೆ ಈ ಗೆಲುವಿನಲ್ಲಿ ಕೋಚ್‌ನ ಪಾಲನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ. ಪಿಚರ್‌ಗಳಾದ ಟಾಮ್ ಗ್ಲಾವಿನ್ ಮತ್ತು ಜಾನ್ ಸ್ಮೋಲ್ಟ್ಜ್, ಮಜೋನಿ ಅವರಿಗಿಂತ ಮೊದಲೇ ತಂಡದಲ್ಲಿದ್ದರು. 1993ರಲ್ಲಿ ಬ್ರೇವ್ಸ್ ಸೇರಿದ ಗ್ರೆಗ್ ಮ್ಯಾಡಕ್ಸ್, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಹಿಂದಿನ ವರ್ಷವೇ ಶಿಕಾಗೋ ಕಬ್ಸ್ ಪರವಾಗಿ ಗೆದ್ದಿದ್ದರು. ಇಂಥ ಆಟಗಾರರು ಯಾವ ಕೋಚ್‌ನ ಕೈಕೆಳಗಾದರೂ ಮೆರೆಯುತ್ತಿದ್ದರು ಎಂಬ ವಾದವನ್ನು ತಳ್ಳಿಹಾಕಲಾಗದು. 2006ರಲ್ಲಿ ಮಜೋನಿ ಬಾಲ್ಟಿಮೋರ್ ಓರಿಯೋಲ್ಸ್‌ಗೆ ಹೋದಾಗ ಆ ತಂಡ ಎರಡೂ ಋತುಗಳಲ್ಲಿ ತನ್ನ ವಿಭಾಗದ ನಾಲ್ಕನೆಯ ಸ್ಥಾನದಲ್ಲೇ ಉಳಿಯಿತು, 2007ರ ಬಳಿಕ ಅವರನ್ನು ಕೈಬಿಡಲಾಯಿತು.

ಆದ್ದರಿಂದ ದಿಗ್ಗಜರನ್ನು ಬದಿಗಿಟ್ಟು, ತಂಡ ಬದಲಿಸಿದ ಸಾಧಾರಣ ಪಿಚರ್‌ಗಳನ್ನು ನೋಡುವುದೇ ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆ ಎಂದು ನನಗನ್ನಿಸುತ್ತದೆ. ಭುಜದ ಶಸ್ತ್ರಚಿಕಿತ್ಸೆಗಳಿಂದ ಹಿಂದೆಬಿದ್ದಿದ್ದ ಜಾರೆಟ್ ರೈಟ್ 2004ರಲ್ಲಿ ಬ್ರೇವ್ಸ್ ಪರವಾಗಿ 15 ಪಂದ್ಯ ಗೆದ್ದರು (ಬೇಸ್‌ಬಾಲ್‌ನಲ್ಲಿ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೂ ಬರೆದುಕೊಳ್ಳುತ್ತಾರೆ). ಫೀಲ್ಡರ್‌ಗಳ ತಪ್ಪಿನಿಂದಾದ ರನ್‌ಗಳನ್ನು ಬಿಟ್ಟು, ಪಿಚರ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್‌ಗಳ ಲೆಕ್ಕವಾದ ಇಆರ್‌ಎ ಆಗ ಅವರಿಗೆ 3.28 ಇತ್ತು, ಮರುವರ್ಷ ನ್ಯೂಯಾರ್ಕ್ ಯಾಂಕೀಸ್ ಸೇರಿದಾಗ ಅದು 6.08ಕ್ಕೇರಿತು. ಒಬ್ಬರ ಅಂಕಿಯಿಂದ ಏನನ್ನೂ ಸಾಧಿಸಲಾಗದು, ಗಾಯದ ಪಾತ್ರವೂ ಇದ್ದೀತು. ಆದರೂ ಇಂಥ ಏರಿಳಿತಗಳೇ ಕೋಚ್‌ನ ಪ್ರಭಾವದ ಕುರುಹುಗಳು.

ಇನ್ನೊಬ್ಬ ಪಿಚಿಂಗ್ ಕೋಚ್ ಡೇವ್ ಡಂಕನ್ ಅವರ ಉದಾಹರಣೆ ಇದಕ್ಕಿಂತ ಗಟ್ಟಿಯಾದುದು. ಅವರು ಆಟಗಾರರಾಗಿದ್ದಾಗ ಪಿಚರ್ ಆಗಿರಲೇ ಇಲ್ಲ, ಕ್ಯಾಚರ್ ಆಗಿದ್ದರು. ಬ್ಯಾಟರ್‌ನ ಬೆನ್ನಹಿಂದೆ ಕೂತು ಎಸೆತವನ್ನು ಎದುರಿನಿಂದ ನೋಡಿದ ಅನುಭವವೇ ಅವರ ಬಂಡವಾಳವಾಯಿತು. 1986ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡ ಬೇಡವೆಂದು ಬಿಟ್ಟ ಪಿಚರ್ ಡೇವ್ ಸ್ಟೀವರ್ಟ್ ಓಕ್ಲಂಡ್ ಅಥ್ಲೆಟಿಕ್ಸ್ ಸೇರಿ, ಮುಂದೆ ಡಂಕನ್ ಅವರ ಕೈಕೆಳಗೆ ಆಡಿದರು. ಅಲ್ಲಿ ಫೋರ್ಕ್‌ಬಾಲ್ ಎಂಬ, ಕೊನೆಯ ಕ್ಷಣದಲ್ಲಿ ಕೆಳಗೆ ಕುಸಿಯುವ ಎಸೆತ ಅವರ ಮುಖ್ಯ ಅಸ್ತ್ರವಾಯಿತು. 1987ರಿಂದ 1990ರವರೆಗೆ ಸತತ ನಾಲ್ಕು ಋತುಗಳಲ್ಲಿ ಅವರು 20 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆದ್ದರು. ಅದೇ ತಂಡದಲ್ಲಿ ಡೆನಿಸ್ ಎಕರ್ಸ್ಲಿ ಅವರನ್ನು ಸ್ಟಾರ್ಟರ್ ಸ್ಥಾನದಿಂದ ಸರಿಸಿ ಪಂದ್ಯದ ಕೊನೆಗೆ ಬರುವ ಕ್ಲೋಸರ್ ಮಾಡಲಾಯಿತು, 1992ರಲ್ಲಿ ಅವರು ಸೈ ಯಂಗ್ ಮತ್ತು ಅತ್ಯಮೂಲ್ಯ ಆಟಗಾರ ಪ್ರಶಸ್ತಿಗಳೆರಡನ್ನೂ ಪಡೆದರು. ಇಲ್ಲಿ ಕೋಚ್ ಹೊಸ ಪ್ರತಿಭೆಯನ್ನು ಸೃಷ್ಟಿಸಲಿಲ್ಲ. ಬಳಕೆಯಾಗದೆ ಉಳಿದಿದ್ದ ಸಾಮರ್ಥ್ಯಕ್ಕೆ ತಕ್ಕ ಎಸೆತವನ್ನೂ ತಕ್ಕ ಪಾತ್ರವನ್ನೂ ಗುರುತಿಸಿದರು.

ಇತ್ತೀಚೆಗೆ ಇದೇ ಕೆಲಸಕ್ಕೆ ಹೈಸ್ಪೀಡ್ ಕ್ಯಾಮೆರಾ ಮತ್ತು ಚೆಂಡಿನ ಸುತ್ತುಗಳನ್ನು ಅಳೆಯುವ ಉಪಕರಣಗಳು ಜೊತೆಯಾಗಿವೆ. 2018ರಲ್ಲಿ ಪಿಚರ್ ಗೆರಿಟ್ ಕೋಲ್ ಹ್ಯೂಸ್ಟನ್ ಆಸ್ಟ್ರೋಸ್ ಸೇರಿದಾಗ, ಕೋಚ್ ಬ್ರೆಂಟ್ ಸ್ಟ್ರಾಮ್ ಮತ್ತು ತಂಡದ ವಿಶ್ಲೇಷಕರ ಸಲಹೆಯಂತೆ ಕೆಳಕ್ಕೆ ಇಳಿಯುವ ವೇಗದ ಎಸೆತವಾದ ಸಿಂಕರ್ ಅನ್ನು ಬಹುಮಟ್ಟಿಗೆ ಕೈಬಿಟ್ಟು, ಎತ್ತರದ ವೇಗದ ಎಸೆತವನ್ನೂ ತಿರುಗುವ ಎಸೆತಗಳನ್ನೂ ಹೆಚ್ಚಿಸಿದರು. ಹೆಚ್ಚುಕಡಿಮೆ ಅಷ್ಟೇ ಇನಿಂಗ್ಸ್‌ಗಳಲ್ಲಿ ಅವರ ಸ್ಟ್ರೈಕ್‌ಔಟ್‌ಗಳು, ಅಂದರೆ ಬ್ಯಾಟರ್‌ಗಳನ್ನು ಎಸೆತದಿಂದಲೇ ಔಟ್ ಮಾಡಿದ ಸಲಗಳು, ಹಿಂದಿನ ವರ್ಷದ 196ರಿಂದ 276ಕ್ಕೇರಿದವು, 2019ರಲ್ಲಿ 326 ಆದವು. ಆದರೆ ಈ ಬದಲಾವಣೆಯ ಶ್ರೇಯಸ್ಸು ಕೋಚ್ ಒಬ್ಬರದೇ ಅಲ್ಲ. ಇಂದು ಬಹುತೇಕ ತಂಡಗಳಲ್ಲಿ ಸಹಾಯಕ ಪಿಚಿಂಗ್ ಕೋಚ್, ಬದಲಿ ಪಿಚರ್‌ಗಳನ್ನು ಸಿದ್ಧಗೊಳಿಸುವ ಬುಲ್‌ಪೆನ್ ಕೋಚ್, ದತ್ತಾಂಶ ವಿಶ್ಲೇಷಕರು ಮತ್ತು ದೇಹಚಲನೆಯ ತಜ್ಞರು ಈ ಕೆಲಸವನ್ನು ಹಂಚಿಕೊಂಡಿರುವುದರಿಂದ, ಮಜೋನಿ ಅವರ ಕಾಲದಲ್ಲೇ ಕಷ್ಟವಾಗಿದ್ದ ಆ ಲೆಕ್ಕ ಈಗ ಇನ್ನೂ ಕಠಿಣವಾಗಿದೆ.