ವಿತ್‌ಡ್ರಾವಲ್ ಅಂದರೆ ಏನು? ಕುಡಿತ ನಿಲ್ಲಿಸಿದ ಮೂರನೇ ದಿನದ ಕಥೆ

ಈ ಪದವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ನೋಡುವುದು ಬ್ಯಾಂಕಿನ ಚೀಟಿಯಲ್ಲಿ. ಅಲ್ಲಿ ಹಣ ತೆಗೆಯುವುದು ಅಂತ ಅರ್ಥ. ಕ್ಲಿನಿಕ್‌ನಲ್ಲಿ ಅರ್ಥ ಬೇರೆ. ದೇಹಕ್ಕೆ ದಿನಾ ಸಿಗುತ್ತಿದ್ದ ಅಮಲಿನ ವಸ್ತು ಇದ್ದಕ್ಕಿದ್ದಂತೆ ಸಿಗದೇ ಹೋದಾಗ ದೇಹದಲ್ಲೂ ಮನಸ್ಸಿನಲ್ಲೂ ಏಳುವ ತೊಂದರೆಗಳನ್ನೆಲ್ಲ ಸೇರಿಸಿ ವಿತ್‌ಡ್ರಾವಲ್ ಎನ್ನುತ್ತೇವೆ. ಕನ್ನಡದಲ್ಲಿ 'ಹಿಂತೆಗೆತ' ಅಂತ ಅನುವಾದ ಮಾಡಿದ್ದಾರೆ. ನನ್ನ ರೋಗಿಗಳಲ್ಲಿ ಒಬ್ಬರೂ ಆ ಪದ ಆಡಿದ್ದನ್ನು ನಾನು ಕೇಳಿಲ್ಲ. ಅವರು ಹೇಳುವುದು ಇಷ್ಟೇ: 'ಬಿಟ್ರೆ ಕೈ ನಡುಗುತ್ತೆ ಡಾಕ್ಟ್ರೇ.'

ತಾಲ್ಲೂಕು ಮಟ್ಟದ ಸಾಮಾನ್ಯ ವೈದ್ಯಳಾಗಿ ಈ ಒಂದು ಪದವನ್ನು ಎಲ್ಲರಿಗೂ ತಿಳಿಸಬೇಕು ಅನಿಸಿದೆ. ಕುಡಿತ ಬಿಡುವುದು ಬರೀ ಮನಸ್ಸು ಗಟ್ಟಿ ಮಾಡಿಕೊಳ್ಳುವ ವಿಷಯ ಅಂತ ಮನೆಯವರು ನಂಬಿದ್ದಾರೆ, ಊರವರು ನಂಬಿದ್ದಾರೆ, ಎಷ್ಟೋ ಸಲ ನಾವು ಡಾಕ್ಟರುಗಳೂ 'ನಾಳೆಯಿಂದ ಬಿಟ್ಬಿಡಿ, ಲಿವರ್ ಹೋಗುತ್ತೆ' ಅಂತ ಹೇಳಿ ಮುಂದಿನ ರೋಗಿಯನ್ನು ಕರೆಯುತ್ತೇವೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಆ ಮಾತನ್ನು ನಿಜವಾಗಿಯೂ ಪಾಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು.

ಯಾಕೆ ಹೀಗಾಗುತ್ತದೆ? ಮಿದುಳಿನಲ್ಲಿ ಶಾಂತ ಮಾಡುವ ಒಂದು ರಾಸಾಯನಿಕ ಇದೆ, ಗಾಬಾ. ಚುರುಕು ಮಾಡುವ ಇನ್ನೊಂದಿದೆ, ಗ್ಲುಟಮೇಟ್. ಹಗ್ಗ ಜಗ್ಗಾಟದ ಹಾಗೆ ಎರಡೂ ಎಳೆಯುತ್ತಿರುತ್ತವೆ. ಮದ್ಯ ದಿನಾ ಬಂದು ಶಾಂತ ಮಾಡುವ ಕಡೆ ಸೇರಿಕೊಳ್ಳುತ್ತದೆ, ಆಗ ಸಮತೋಲ ಉಳಿಸಿಕೊಳ್ಳಲು ಮಿದುಳು ಇನ್ನೊಂದು ಕಡೆಗೆ ಬಲ ಕೂಡಿಸುತ್ತಾ ಹೋಗುತ್ತದೆ. ಒಂದು ದಿನ ಮದ್ಯ ಹಗ್ಗ ಬಿಟ್ಟುಬಿಟ್ಟರೆ? ಎದುರಿನ ತಂಡ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಂಡುಬಿಡುತ್ತದೆ. ನಡುಕ, ಬೆವರು, ಎದೆ ಬಡಿತ, ನಿದ್ದೆ ಇಲ್ಲದಿರುವುದು, ಫಿಟ್ಸ್ ಎಲ್ಲವೂ ಅದರ ಫಲ.

ಇದಕ್ಕೆ ಹೆಚ್ಚುಕಡಿಮೆ ಒಂದು ಗಡಿಯಾರ ಇದೆ. ಕೊನೆಯ ಗುಟುಕಿನ ನಂತರ 6ರಿಂದ 8 ಗಂಟೆಯಲ್ಲಿ ಕೈ ನಡುಕ, ವಾಕರಿಕೆ, ಬೆವರು, ಗಾಬರಿ ಶುರು. ಮೊದಲ 48 ಗಂಟೆಯೊಳಗೆ, ಬಹಳ ಮಟ್ಟಿಗೆ ಮೊದಲ ದಿನವೇ, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಮಧ್ಯೆ ಬರುವುದು ಎಲ್ಲಕ್ಕಿಂತ ಭಯಂಕರವಾದದ್ದು, ಡೆಲಿರಿಯಮ್ ಟ್ರೆಮೆನ್ಸ್, ನಾವು ಸುಮ್ನೆ ಡಿಟಿ ಎನ್ನುತ್ತೇವೆ. ರೋಗಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಗೋಡೆಯ ಮೇಲೆ ಹುಳು ಹರಿದ ಹಾಗೆ ಕಾಣುತ್ತದೆ, ಹೊದಿಕೆ ಕೀಳುತ್ತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ. ಗಾರೆ ಕೆಲಸದವರು ಗಾಳಿಯಲ್ಲೇ ಇಟ್ಟಿಗೆ ಜೋಡಿಸುವುದನ್ನು, ಡ್ರೈವರುಗಳು ಇಲ್ಲದ ಸ್ಟೇರಿಂಗ್ ತಿರುಗಿಸುವುದನ್ನು ನೋಡಿದ್ದೇನೆ, ಒಮ್ಮೆ ನೋಡಿದರೆ ಮರೆಯಲಾಗುವುದಿಲ್ಲ. ಜ್ವರ ಏರುತ್ತದೆ, ಬಿಪಿ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾಯುವವರೂ ಇದ್ದಾರೆ.

ಇದನ್ನೇ ನಮ್ಮ ಕಡೆ 'ಗಾಳಿ ಸೋಕಿದೆ' ಅಂತ ತಾಯಿತ ಕಟ್ಟಿಸಲು ಕರೆದುಕೊಂಡು ಹೋಗುತ್ತಾರೆ. ಆ ಒಂದು ದಿನ ತುಂಬಾ ದುಬಾರಿ ಆಗುತ್ತದೆ. ಫಿಟ್ಸ್ ಬಂದರೆ ಕೈಗೆ ಬೀಗದ ಕೀ ಕೊಡುತ್ತಾರೆ, ಬಾಯಿಗೆ ಚಮಚ ತುರುಕುತ್ತಾರೆ. ಎರಡೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಸ್ಪತ್ರೆಗೆ ಕರೆದುಕೊಂಡು ಹೊರಡಿ.

ಡೆಲಿರಿಯಮ್ ಟ್ರೆಮೆನ್ಸ್ ಎಂಬ ಹೆಸರು ಕೊಟ್ಟವರು ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್, 1813ರಲ್ಲಿ. ಆದರೆ ಇದು ಕುಡಿದದ್ದರಿಂದ ಬರುತ್ತದೋ ಬಿಟ್ಟದ್ದರಿಂದಲೋ ಎಂಬ ವಾದ ಮುಂದೆ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಬಿಟ್ಟದ್ದರಿಂದಲೇ ಅಂತ ಅಮೆರಿಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1955ರಲ್ಲಿ.

ನಮ್ಮ ರಾಜ್ಯದಲ್ಲಿ ಇದು ಎಲ್ಲರ ಕಣ್ಣಿಗೆ ಬಿದ್ದದ್ದು 2020ರಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು, ಮದ್ಯದಂಗಡಿ ಬಾಗಿಲು ತೆರೆದದ್ದು ಮೇ 4ಕ್ಕೆ. ಆ ದಿನದ ಉದ್ದುದ್ದ ಸಾಲುಗಳನ್ನು ಟಿವಿಯಲ್ಲಿ ನೋಡಿ ಜನ ನಕ್ಕರು. ಅದಕ್ಕೂ ಮೊದಲು, ಅಂಗಡಿ ಮುಚ್ಚಿದ ಮೊದಲ ದಿನಗಳಲ್ಲೇ, ಫಿಟ್ಸ್ ಮತ್ತು ಡಿಟಿ ಬಂದವರನ್ನು ಬೆಂಗಳೂರಿನ ಆಸ್ಪತ್ರೆಗಳಿಗೆ ಹೊತ್ತು ತಂದಿದ್ದರು. ಅದನ್ನು ನೋಡಿದ ನಮಗೆ ನಗು ಬರಲಿಲ್ಲ.

ಸರಿ, ಎಷ್ಟು ಕುಡಿದರೆ ಜಾಸ್ತಿ? ನಮ್ಮ ದೇಶದಲ್ಲಿ ಸಾಮಾನ್ಯವಾಗಿ 10 ಗ್ರಾಂ ಆಲ್ಕೋಹಾಲ್ ಅನ್ನು ಒಂದು ಅಳತೆ ಅಂತ ಹಿಡಿಯುತ್ತೇವೆ. 42.8 ಶೇಕಡಾ ಇರುವ ವಿಸ್ಕಿಯೋ ರಮ್ಮೋ 30 ಎಂಎಲ್‌ನಲ್ಲಿ ಅಷ್ಟಿರುತ್ತದೆ. ಅಂದರೆ ಒಂದು ನೈಂಟಿಯಲ್ಲಿ ಮೂರು ಅಳತೆ, ಒಂದು ಕ್ವಾರ್ಟರ್‌ನಲ್ಲಿ, ಅಂದರೆ 180 ಎಂಎಲ್‌ನಲ್ಲಿ, ಆರು. 'ಜಾಸ್ತಿ ಏನಿಲ್ಲ ಮೇಡಂ, ದಿನಾ ಒಂದೇ ಕ್ವಾರ್ಟರ್' ಅನ್ನುವವರು 60 ಗ್ರಾಂ ಕುಡಿಯುತ್ತಿದ್ದಾರೆ. ಇವರೆಲ್ಲರಿಗೂ ಡಿಟಿ ಬರುತ್ತದೆ ಅಂತಲ್ಲ, ಬಹಳ ಜನರಿಗೆ ಬರುವುದಿಲ್ಲ. ಆದರೆ ಯಾರಿಗೆ ಬರಬಹುದು ಅಂತ ಕೇಳಿ ತಿಳಿದುಕೊಳ್ಳಲೇಬೇಕು.

'ಕುಡಿತೀರಾ?' ಅಂದರೆ 'ಯಾವಾಗಲಾದ್ರೂ ಒಂದ್ಸಲ' ಅನ್ನುವ ಉತ್ತರ ಬರುತ್ತದೆ, ಅದರಲ್ಲೂ ಪಕ್ಕದಲ್ಲಿ ಹೆಂಡತಿ ಕೂತಿದ್ದರೆ. ನಾನು ಕೇಳುವುದು ಹೀಗೆ: ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ? ಟೀ ಲೋಟ ಹಿಡಿಯೋಕೆ ಆಗುತ್ತಾ? ಒಂದು ನೈಂಟಿ ಹಾಕಿದ ಮೇಲೆ ನಡುಕ ನಿಲ್ಲುತ್ತಾ? ಹಿಂದೆ ಯಾವಾಗಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ? ಬೈಯುವ ದನಿ ಇಲ್ಲದೆ, ಬಿಪಿ ಶುಗರ್ ಕೇಳಿದಷ್ಟೇ ಸಹಜವಾಗಿ ಕೇಳಿದರೆ ಜನ ನಿಜ ಹೇಳುತ್ತಾರೆ. ಬೆಳಿಗ್ಗೆಯೇ ಕುಡಿಯಬೇಕಾಗುತ್ತದೆ ಅಂತ ಒಪ್ಪಿಕೊಂಡರೆ ಅವರ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಅಂತಲೇ ತಿಳಿಯಬೇಕು. ಕಾಲು ಮುರಿದೋ ಆಪರೇಷನ್‌ಗೋ ಆಸ್ಪತ್ರೆ ಸೇರಿದರೆ ಅಲ್ಲೂ ಇದನ್ನು ಮುಚ್ಚಿಡಬೇಡಿ. ಮೂಳೆ ವಾರ್ಡಿನಲ್ಲಿ ಮೂರನೇ ದಿನ ರೋಗಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತು ಓಡಲು ನೋಡಿದರೆ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ.

ಡ್ರಿಪ್ ಅಂದಾಗ ಇನ್ನೊಂದು ಮಾತು. ಸುಸ್ತಾದ ಕುಡಿತದ ರೋಗಿಯನ್ನು ಕರೆತಂದು 'ಒಂದು ಗ್ಲೂಕೋಸ್ ಹಾಕಿ ಕಳಿಸಿ' ಅನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಹೀಗೆ ಕುಡಿಯುವವರು ಸರಿಯಾಗಿ ಊಟ ಮಾಡಿರುವುದಿಲ್ಲ, ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಗ್ಲೂಕೋಸ್ ಕರಗಿಸಲು ಮಿದುಳಿಗೆ ಅದೇ ಬೇಕು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದದ್ದೂ ಖರ್ಚಾಗಿ ವೆರ್ನಿಕೆ ಎಂಬ ಮಿದುಳಿನ ಕಾಯಿಲೆ ಬರಬಹುದು: ಗೊಂದಲ, ಕಣ್ಣಿನ ಚಲನೆಯಲ್ಲಿ ತೊಂದರೆ, ನಡಿಗೆಯಲ್ಲಿ ತೂರಾಟ. ನೆನಪಿನ ಶಕ್ತಿ ಶಾಶ್ವತವಾಗಿ ಹೋದವರೂ ಇದ್ದಾರೆ. ಅದಕ್ಕೇ ಥಯಾಮಿನ್ ಇಂಜೆಕ್ಷನ್ ಮೊದಲು. ದೊಡ್ಡ ಖರ್ಚಿನ ಔಷಧವೂ ಅಲ್ಲ.

ವಿತ್‌ಡ್ರಾವಲ್‌ಗೆ ಒಳ್ಳೆಯ ಚಿಕಿತ್ಸೆ ಇದೆ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಮಾತ್ರೆ ಮದ್ಯ ಬಿಟ್ಟುಹೋದ ಜಾಗದಲ್ಲಿ ನಿಂತು ಮಿದುಳನ್ನು ಹಿಡಿದುಕೊಳ್ಳುತ್ತದೆ, ಅದನ್ನು ಐದಾರು ದಿನದಲ್ಲಿ ದಿನದಿನಕ್ಕೆ ಕಡಿಮೆ ಮಾಡುತ್ತಾ ನಿಲ್ಲಿಸುತ್ತೇವೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಹಿಂದೆ ಫಿಟ್ಸ್, ಡಿಟಿ ಬಂದಿಲ್ಲ, ಬೇರೆ ದೊಡ್ಡ ಕಾಯಿಲೆ ಇಲ್ಲ, ಮನೆಯಲ್ಲಿ ಜೊತೆಗೆ ಯಾರಾದರೂ ಇರುತ್ತಾರೆ, ದಿನಾ ಬಂದು ತೋರಿಸಲು ಆಗುತ್ತದೆ ಅಂದರೆ ಮನೆಯಲ್ಲೇ ಇದ್ದು ಮಾಡಿಸಬಹುದು. ನಾನು ಒಂದೆರಡು ದಿನದ ಮಾತ್ರೆ ಮಾತ್ರ ಕೊಡುತ್ತೇನೆ, ಅದೂ ಮನೆಯವರ ಕೈಗೆ, ಯಾಕೆಂದರೆ ಇದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು. ಉಳಿದವರು ಆಸ್ಪತ್ರೆಗೆ ಸೇರಲೇಬೇಕು. ಈ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಿಂದ ನೀವೇ ತಂದು ಕೊಡಬೇಡಿ.

ಬೇರೆ ವಸ್ತುಗಳ ವಿತ್‌ಡ್ರಾವಲ್ ಬೇರೆ ತರ. ಹೆರಾಯಿನ್ ಅಥವಾ ಅಫೀಮು ಜಾತಿಯ ನೋವಿನ ಮಾತ್ರೆಯ ಚಟ ಬಿಟ್ಟರೆ ಆಕಳಿಕೆ, ಮೂಗು ಸೋರುವುದು, ಮೈ ನೋವು, ಭೇದಿ. ನರಕ ಅನಿಸುತ್ತದೆ, ಆದರೆ ಪ್ರಾಣ ಹೋಗುವುದು ಅಪರೂಪ. ಅಲ್ಲಿ ನಿಜವಾದ ಅಪಾಯ ಆಮೇಲಿದೆ: ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ. ಗಾಂಜಾ ಬಿಟ್ಟರೆ ಸಿಡಿಮಿಡಿ, ನಿದ್ದೆಗೇಡು. ವರ್ಷಗಟ್ಟಲೆ ನುಂಗಿದ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮದ್ಯದ ಹಾಗೇ ಫಿಟ್ಸ್ ಬರಬಹುದು.

'ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ಕೊಡಿ' ಅಂತ ಕೇಳುವ ಹೆಂಡತಿಯರ, ತಾಯಂದಿರ ನೋವು ನನಗೆ ಅರ್ಥವಾಗುತ್ತದೆ. ಆದರೂ ಕೊಡುವುದಿಲ್ಲ. ಹೀಗೆ ಬೆರೆಸಲು ಕೇಳುವುದು ಹೆಚ್ಚಾಗಿ ಡೈಸಲ್ಫಿರಾಮ್, ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧ. ಅದು ಮೈಯಲ್ಲಿರುವುದು ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಜೀವ ಹೋಗಬಹುದು. ಅದು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡುವ ಔಷಧ.

ವಿತ್‌ಡ್ರಾವಲ್ ಮುಗಿದರೆ ಚಟ ಮುಗಿಯಿತು ಅಂತಲ್ಲ. ವಾರದ ನಂತರ ಮೈ ಹಗುರಾಗುತ್ತದೆ, ಆದರೂ ನಿದ್ದೆ ಸರಿಹೋಗಲು ಮತ್ತೂ ಕೆಲವು ವಾರ ಬೇಕು, ಆಸೆ ಆಗಾಗ ಬಂದು ಕಾಡುತ್ತದೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಆಪ್ತಸಲಹೆ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾರ್ತಿಕ ಬಂದರೆ ನಮ್ಮ ಕಡೆ ಎಷ್ಟೋ ಜನ ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನದ ವ್ರತ ಹಿಡಿದು, ಅಲ್ಲಿಂದ ಮುಂದೆ ಕುಡಿತ ಪೂರ್ತಿ ಬಿಟ್ಟವರನ್ನು ಬಲ್ಲೆ, ಅವರ ಬಗ್ಗೆ ನನಗೆ ತುಂಬಾ ಗೌರವ. ಮಾಲೆ ಹಾಕಿದ ಎರಡನೇ ದಿನ ಫಿಟ್ಸ್ ಬಂದು ಬಿದ್ದವರನ್ನೂ ನೋಡಿದ್ದೇನೆ, ಆಗ ಮನೆಯವರು ವ್ರತದಲ್ಲಿ ಏನೋ ತಪ್ಪಾಯಿತು ಅಂತ ಅಳುತ್ತಿದ್ದರು. ನಿಮಗೆ ಬೆಳಿಗ್ಗೆ ಕೈ ನಡುಗುತ್ತಿದ್ದರೆ ಮಾಲೆ ಹಾಕುವ ಹತ್ತು ದಿನ ಮೊದಲೇ ಹತ್ತಿರದ ಡಾಕ್ಟರ ಹತ್ತಿರ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಮಾತ್ರೆ ಮುಗಿಸಿಕೊಂಡು ಆಮೇಲೆ ಮಾಲೆ ಹಾಕಿ.